ಸರ್ಕಸ್ ಸಿನಿಮಾ, ನಾಲ್ಕನೇ ಜಿಲೇಬಿ

ಶನಿವಾರ, ನವೆಂಬರ್ ೧೬, ೨೦೨೪

ಡಾಕ್ಟರ್ ವೆಂಕೋಬರಾವ್ ಇವತ್ತು ಆಸ್ಪತ್ರೆಯವರಿಗೆಲ್ಲ ಹಳೇ ಕಪ್ಪು-ಬಿಳುಪಿನ ಸರ್ಕಸ್ ಸಿನಿಮಾ ತೋರಿಸಿದರು. ಸುಮ್ಮನೆ ನೋಡಾಕ ಬಿಡಲಿಲ್ಲ. ಗಡ್ಡದ ಹೆಂಗಸು ಬಂದಾಗ ನಿಲ್ಲಿಸಿ, 'ಇದು ಹಾರ್ಮೋನಿನ ತೊಂದರೆ' ಅಂದರು. ತಾಳೆಮರದಷ್ಟು ಎತ್ತರದವನು ಬಂದಾಗ, 'ಇದು ಗ್ರಂಥಿಯದು.' ಆಮ್ಯಾಲೆ ಮೂರಡಿಯ ಜೋಕರ್ ಬಂದ. ಎಲ್ಲರೂ ಪರದೆ ಬಿಟ್ಟು ನನ್ನ ನೋಡಿದರು. ನಾನು ಮೂರೂವರೆ ಅಡಿ.

'ಇದು ಎಲುಬಿನ ದೋಷ. ಗಾಳೆಪ್ಪ, ನಿಮಗ ಏನೇನು ತ್ರಾಸ ಐತಿ, ಎಲ್ಲರಿಗೂ ಹೇಳ್ರಿ.'

'ಲ್ಯಾಬಿನ ಸ್ವಿಚ್ಚು ಎಟಕಂಗಿಲ್ಲ ಸರ್. ಅಷ್ಟೇ.'

ಎಲ್ಲರೂ ನಕ್ಕರು. ನನಗ ಮೈಯೆಲ್ಲ ಉರೀತು. ಇಪ್ಪತ್ತು ವರ್ಷ ಸ್ಟೂಲ್ ಮ್ಯಾಲೆ ನಿಂತು ಇಡೀ ಚಿತ್ತವಾಡ್ಗಿಯ ರಕ್ತ ಪರೀಕ್ಷೆ ಮಾಡೀನಿ. ಯಾರ ರೋಗದ ಬಗ್ಗೇನೂ ಯಾರ ಮುಂದೂ ಬಾಯಿ ಬಿಟ್ಟವನಲ್ಲ.

ಕೊನೆಗೆ ಜಿಲೇಬಿ ಹಂಚಿದರು. ಡಾಕ್ಟರ್ ಸಾಹೇಬರು ಮೂರು ತಿಂದು ನಾಲ್ಕನೇದಕ್ಕ ಕೈ ಹಾಕಿದರು. ಮಂಗಳವಾರ ಅವರ ರಕ್ತ ತಗೊಂಡವನು ನಾನೇ. ಹತ್ರ ಹೋಗಿ, 'ಬ್ಯಾಡ್ರಿ ಸರ್' ಅಂದೆ. ಕೈ ಹಿಂದಕ್ಕ ತಗೊಂಡರು.

'ಯಾಕ್ರಿ?' ಅಂದಳು ನರ್ಸ್ ಶ್ರೀಲಕ್ಷ್ಮೀ.

'ನೊಣ ಕುಂತಿತ್ತು' ಅಂದೆ.

ಈ ಡೈರ್ಯಾಗಾದರೂ ಬರೆದು ಮನಸು ಹಗುರ ಮಾಡ್ಕೊತೀನಿ. ಸಾಹೇಬರ ಶುಗರ್, ಅದೂ ಖಾಲಿ ಹೊಟ್ಟೆಗೆ, ಮುನ್ನೂರಾ...

ಇಲ್ಲೂ ಬ್ಯಾಡ.