ನೀಲಿ ಅಂಗಿಯ ಅಪ್ಪ

ರೀ,

ನಾನು ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿಗೆ ಹೊರಟೆ. ಇವತ್ತು ಪುಟ್ಟಿಯ ಕಟಿಂಗ್, ಮರೆಯಬೇಡಿ. ಹೋಗುವ ಮೊದಲು ನಾನು ಅವಳಿಗೆಂದು ಬರೆದ ಕಟಿಂಗ್ ಕಥೆಯನ್ನು ಜೊತೆಗೆ ಕೂತು ಓದಿ. ಪುಟ ಹಾರಿಸಿದರೆ ಅವಳು ಬಿಡುವುದಿಲ್ಲ.

ನೀಲಿ ಅಂಗಿಯನ್ನು ನೆಲ ಒರೆಸುವ ಬಟ್ಟೆಗೆ ಸೇರಿಸಿದ್ದಿರಲ್ಲ, ಏನು ಹೇಳಲಿ ನಿಮಗೆ! ಒಗೆದು, ಗುಂಡಿ ಹೊಲಿದು ಕುರ್ಚಿಯ ಮೇಲಿಟ್ಟಿದ್ದೇನೆ.

ಕತ್ತರಿ ಕಂಡರೆ ರಂಪ ಮಾಡಿ ಬೀದಿಗೆ ಓಡುತ್ತಿದ್ದವಳು ಸುಮ್ಮನೆ ಕೂರಲು ಕಲಿತದ್ದು ಆ ಕಥೆಯಿಂದಲೇ. ಅದರ ಚಿತ್ರದಲ್ಲಿ ನಿಮ್ಮ ಅಂಗಿಗೆ ನೀಲಿ ಬಳಿದವಳು ನಾನು. ಕೈಗೆ ಸಿಕ್ಕಿದ್ದು ಆ ಪೆನ್ಸಿಲ್, ಅಷ್ಟೇ. ಅಂದಿನಿಂದ ನೀಲಿ ಅಂಗಿಯ ಅಪ್ಪ ಬಂದರೆ ಮಾತ್ರ ಕಟಿಂಗ್. ನೀವಿಬ್ಬರೂ ಬಸ್ ಸ್ಟ್ಯಾಂಡ್ ದಾಟಿ ಕಟಿಂಗ್ ಅಂಗಡಿಗೆ ಹೋಗುವಾಗೆಲ್ಲ, ಎಷ್ಟೇ ಜನವಿರಲಿ, ಕೌಂಟರಿನ ಕಿಟಕಿಯಿಂದ ಆ ನೀಲಿಯೂ ನಿಮ್ಮ ಬೆರಳು ಹಿಡಿದ ಪುಟ್ಟಿಯೂ ನನಗೆ ದೂರದಿಂದಲೇ ಕಾಣುತ್ತಿದ್ದರು.

ನಿನ್ನೆ ಕೊನೆಯ ಪುಟ ನೋಡಿದೆ. "ಕತ್ತರಿ ಕಚಕಚ ಅನ್ನುತ್ತೆ. ನೋವಾಗಲ್ಲ. ಪರವಾಗಿಲ್ಲ" ಎಂಬ ನನ್ನ ಸಾಲಿನ ಕೆಳಗೆ ಅವಳೇ ಬರೆದಿದ್ದಾಳೆ: "ಅಪ್ಪನಿಗೆ ನೀಲಿ ಅಂಗಿ ಬಿಗಿ ಆಗುತ್ತೆ. ಬೇರೆ ಅಂಗಿ ಹಾಕಬಹುದು. ಪರವಾಗಿಲ್ಲ."

ಅವಳಿಗೇನೋ ಪರವಾಗಿಲ್ಲ. ಇವತ್ತೊಂದು ದಿನ ನನಗೋಸ್ಕರ ಹಾಕಿಕೊಳ್ಳಿ. ನನ್ನ ಕಿಟಕಿ ದಾಟುವವರೆಗೆ ಹೊಟ್ಟೆ ಒಳಗೆಳೆದುಕೊಂಡರೆ ಸಾಕು.