ಸೀಟಿನ ಮೇಲಿನ ಪ್ಲಾಸ್ಟಿಕ್

ರೀ,

ಕುರಿಮಾಂಸದ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕೋಳಿಗಳಿಗೆ ನೀರಿಡಿ. ನಾನು ರಿಶ್ತಾನಿಗೆ, ಅಮ್ಮನ ಮನೆಗೆ ಹೊರಟಿದ್ದೇನೆ.

ಪಕ್ಕದ ಮನೆಯ ಮಸ್ತುರಾ ಕೇಳಿದರೆ ಮೈಗೆ ಹುಷಾರಿಲ್ಲ ಎನ್ನಿ. ಹೊಸ ಪುಟ್ಟ ಕಾರು ಬಂದ ದಿನ ಅವಳು, "ನಿನ್ ಗಂಡ ಸವತೀನ ತಂದಿದ್ದಾನೆ ಕಣೇ, ಜೋಪಾನ" ಅಂದಿದ್ದಳು. ನಕ್ಕಿದ್ದೆ. ಗೀರು ಬೀಳುತ್ತದೆಂದು ನೀವು ಹಿಂಬದಿಯಲ್ಲಿ ಕರಬೂಜ ತುಂಬಲು ಬಿಡದಿದ್ದಾಗಲೂ, ಹಿಮಕ್ಕೆ ನಮ್ಮ ರಜಾಯಿಯನ್ನೇ ಅದಕ್ಕೆ ಹೊದಿಸಿದಾಗಲೂ ನಕ್ಕೆ.

ಮೊನ್ನೆ ನನಗೆ ರಕ್ತ ಹೋಗತೊಡಗಿದಾಗ ನೀವು ಆಸ್ಪತ್ರೆಗೆ ಒಲ್ಲೆ ಎನ್ನಲಿಲ್ಲ. "ಒಂದ್ನಿಮಿಷ ತಡಿ, ಸೀಟಿಗೆ ಪ್ಲಾಸ್ಟಿಕ್ ಹಾಸ್ತೀನಿ" ಅಂದಿರಿ. ನಾನು ಗೇಟು ಹಿಡಿದು ನಿಂತಿದ್ದೆ. ನೀವು ಒಂದೊಂದು ಮೂಲೆಯನ್ನೂ ಎಳೆದೆಳೆದು ಸಿಕ್ಕಿಸುತ್ತಿದ್ದಿರಿ.

ಬೇಗ ಬಂದಿದ್ದರೂ ಮಗು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ನಂಬುತ್ತೇನೆ. ನಿಮ್ಮನ್ನು ದೂರುವುದೂ ಇಲ್ಲ. ಆದರೆ ಕಣ್ಣು ಮುಚ್ಚಿದಾಗಲೆಲ್ಲ, ಕಾರಿನೊಳಗೆ ಬಗ್ಗಿ ನಿಂತ ನಿಮ್ಮ ಬೆನ್ನೇ ಕಾಣುತ್ತದೆ. ಒಮ್ಮೆಯೂ ನೀವು ನನ್ನ ಕಡೆ ತಿರುಗುವುದಿಲ್ಲ.

ಕಾರು ತೆಗೆದುಕೊಂಡು ಕರೆಯಲು ಬರಬೇಡಿ. ನನ್ನಿಂದ ಅದರಲ್ಲಿ ಕೂರಲಾಗದು.

ಹುಸ್ನೋರಾ