ಕೆಂಪು ನಾಲಿಗೆಯ ಹುಂಜ

ಆಯಿ,

ಇವತ್ತು ನೀನು ತೀರಿಹೋದ ವರ್ಷದ ಪೂಜೆಗೆ ನಮ್ಮ ಕಡಕ್‌ನಾಥ್ ಹುಂಜವನ್ನೇ ಒಯ್ದೆ. ಪೂಜಾರಿ ನಾನ್ಸು ಕಾಕಾ ಎಂದಿನಂತೆ ಕೊಕ್ಕು ಬಿಡಿಸಿ ನೋಡಿದರು. ಅಪ್ಪಟ ಕಡಕ್‌ನಾಥ್ ತಳಿಯಲ್ಲಿ ಮೈಯಂತೆಯೇ ಕಪ್ಪಗಿರಬೇಕಾದ ನಾಲಿಗೆ ಕೆಂಪಗಿತ್ತು.

“ಥಾವರಿ, ಪೇಟೆ ಹುಂಜದ ಜೊತೆ ತಳಿ ಬೆರೆಸಿದ್ಯೇನೇ?”

“ದಪ್ಪ ಆಗ್ಲಿ ಅಂತ, ಕಾಕಾ.”

“ಆಗಿದೆ ಬಿಡು. ಈ ಬಿಸಿಲಿಗೆ ಹೆಂಗೆ ಬಾಯಿ ಬಿಡ್ತಿದೆ ನೋಡು! ಇದು ದೇವರಿಗೆ ಬೇಡ.”

ಎಲ್ಲರೂ ನಕ್ಕರು. ನಮ್ಮ ಕೋಳಿಗಳಲ್ಲಿ ಈಗ ಅಪ್ಪಟ ಕಪ್ಪು ಒಂದೂ ಉಳಿದಿಲ್ಲ. ಅಂಥದ್ದೊಂದು ಇದೆಯೇ ಎಂದು ಪಕ್ಕದ ಮನೆಯ ಝೀತ್ರಿಯನ್ನು ಕೇಳಿದೆ. ಅವಳು ನಾಲಿಗೆಯೂ ಕಪ್ಪಗಿದ್ದ ಒಂದು ಹುಂಜ ಹಿಡಿದು ತಂದಳು.

“ಇದು ನಿಮ್ಮಾಯಿ ಕೊಟ್ಟ ಮೊಟ್ಟೇದು ಕಣೆ. ಹಾಸಿಗೆ ಹಿಡಿದಾಗ ಕರೆದು ಕೊಟ್ಳು. ‘ಥಾವರಿಗೆ ದಪ್ಪ ಕೋಳಿ ಆಸೆ, ತಳಿ ಕೆಡಿಸ್ಕೊಂಡು ಒಂದಿನ ಅಪ್ಪಟ ಕಪ್ಪು ಕೇಳ್ಕೊಂಡು ಬರ್ತಾಳೆ, ಇಲ್ಲ ಅನ್ಬೇಡ’ ಅಂದಿದ್ಲು.”

ಆಗ ದಿನವೂ ನಿನ್ನ ತಲೆ ಬಾಚುತ್ತಿದ್ದ ಮಗಳು ನಾನು. ನನಗೆ ಒಂದು ಮಾತೂ ಹೇಳಲಿಲ್ಲವಲ್ಲ, ಆಯಿ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಎಂಬುದೂ ನಿನಗೆ ಗೊತ್ತಿತ್ತು.